ಮಣ್ಣು ನೋಡುವ ಮೊದಲು ನೀರು ನೋಡಿ: ಉತ್ತರ ಕನ್ನಡದ ತೋಟ, ಗದ್ದೆ, ಹಿತ್ತಲಿಗೊಂದು ಮಾರ್ಗದರ್ಶಿ

ಊರಿಗೆ ವಾಪಸ್ ಬಂದು ತೋಟ ಮಾಡುವವರು, ಶಿರಸಿ ಕುಮಟಾ ಕಡೆ ಹೊಸದಾಗಿ ಜಾಗ ತೆಗೆದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಲ್ಲಿನ ಮಣ್ಣಿಗೆ ಯಾವ ಗೊಬ್ಬರ ಒಳ್ಳೆಯದು?" ಪ್ರಶ್ನೆ ಸ್ವಲ್ಪ ಅವಸರದ್ದು. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿ.ಮೀ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಮುಂಡಗೋಡ ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಸುಮಾರು 60 ಕಿ.ಮೀ. ದಾರಿಯಲ್ಲೇ ಹೊಯ್ಗೆ (ಮರಳು ನೆಲ), ಉಪ್ಪುಗದ್ದೆ, ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಕಾಡಿನ ಕಪ್ಪು ಮಣ್ಣು ಎಲ್ಲವೂ ಸಿಗುತ್ತವೆ. ಬಯಲುಸೀಮೆಯವರ ವಿಡಿಯೊ ನೋಡಿ ಗೊಬ್ಬರ ತಂದು ಸುರಿದರೆ ಅದರಲ್ಲಿ ಅರ್ಧ ಹೊಳೆ ಸೇರುತ್ತದೆ.

ಇಲ್ಲಿನ ಮಣ್ಣನ್ನು ಮಾಡಿದ್ದು ಮಳೆ, ಹಾಳು ಮಾಡುವುದೂ ಮಳೆಯೇ. ಸಾವಿರಾರು ವರ್ಷ ಹೀಗೆ ತೊಳೆದು ತೊಳೆದು ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ನೀರಿನ ಜೊತೆ ಹೋಗಿವೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಮಣ್ಣು ಕೆಂಪಗಿರುವುದೂ ಹುಳಿಯಾಗಿರುವುದೂ ಇದೇ ಕಾರಣಕ್ಕೆ. ಹಾಗಾಗಿ ಇಲ್ಲಿ ಕೃಷಿ ಅಂದರೆ ಮಣ್ಣಿಗೆ ಸೇರಿಸುವುದಕ್ಕಿಂತ ಜಾಸ್ತಿ, ಹೋಗುವುದನ್ನು ತಡೆಯುವ ಕೆಲಸ. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಮೊದಲ ಹಂತ: ಜೋರು ಮಳೆಯಲ್ಲಿ ಜಾಗ ಸುತ್ತಿ

ಜಾಗ ನೋಡುವುದಕ್ಕೆ ಎಲ್ಲರೂ ಬರುವುದು ಜನವರಿಯಲ್ಲಿ. ಆಗ ಎಲ್ಲ ಜಾಗವೂ ಚೆಂದ. ಜುಲೈನಲ್ಲಿ ಕೊಡೆ ಹಿಡಿದು ಒಂದು ಸುತ್ತು ಹೊಡೆಯಿರಿ, ಸಾಧ್ಯವಾದರೆ ದುಡ್ಡು ಕೊಡುವ ಮೊದಲೇ. ನೀರು ಎಲ್ಲಿ ಕೆಂಪಗೆ ಹರಿಯುತ್ತಿದೆ? ಅಲ್ಲಿ ಮೇಲ್ಮಣ್ಣು ಹೋಗುತ್ತಿದೆ ಅಂತ ಅರ್ಥ. ಎಲ್ಲಿ ಹರಿಯದೆ ನಿಂತಿದೆ? ಅಲ್ಲಿ ಕೆಳಗೆ ಜೇಡಿ ಇದೆ, ಇಲ್ಲವೇ ಬಸಿಗಾಲುವೆ ಮುಚ್ಚಿದೆ. ಬಿದ್ದ ನೀರು ಎಲ್ಲಿ ಸದ್ದಿಲ್ಲದೆ ಇಂಗುತ್ತಿದೆ? ಗುಡ್ಡದ ಯಾವ ಮಗ್ಗುಲಲ್ಲಿ ಹೊಸ ಒರತೆ ಎದ್ದಿದೆ? ಇಷ್ಟನ್ನು ಒಂದು ಹಾಳೆಯ ಮೇಲೆ ಸುಮ್ನೆ ಗೆರೆ ಎಳೆದು ಗುರುತು ಹಾಕಿಕೊಳ್ಳಿ. ಪಕ್ಕದ ತೋಟದವರನ್ನು ಕೇಳುವುದಾದರೆ "ಮಣ್ಣು ಹೇಗಿದೆ" ಅನ್ನಬೇಡಿ. "ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ತದೆ" ಅಂತ ಕೇಳಿ. ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಎರಡನೆಯದು: ಒಂದು ಗುಂಡಿ ತೆಗೆಯಿರಿ

ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ, ಮೂರು ಅಡಿ ಆಳದ ಗುಂಡಿ ತೆಗೆಯಿರಿ. ಒಂದು ಮಗ್ಗುಲನ್ನು ನೇರವಾಗಿ ಕೆತ್ತಿ ಪದರ ನೋಡಿ. ಮೇಲೆ ಕಪ್ಪು ಅಥವಾ ಕಂದು ಮಣ್ಣು ಎಷ್ಟು ದಪ್ಪ ಇದೆ ಅನ್ನುವುದೇ ನಿಮ್ಮ ನಿಜವಾದ ಆಸ್ತಿ. ಗುಡ್ಡದ ನೆತ್ತಿಯಲ್ಲಿ ಅದು ನಾಲ್ಕು ಬೆರಳೂ ಇರುವುದಿಲ್ಲ, ಕೆಳಗೆ ನೇರ ಚಿರೆಕಲ್ಲು. ಕಣಿವೆಯ ತೋಟದಲ್ಲಿ ಎರಡು ಅಡಿ ದಾಟಿದ್ದೂ ಇರುತ್ತದೆ.

ಗುಂಡಿಯ ಗೋಡೆಯಲ್ಲಿ ಬೂದು ಬಣ್ಣದ ಮಧ್ಯೆ ತುಕ್ಕಿನ ಬಣ್ಣದ ಮಚ್ಚೆಗಳಿದ್ದರೆ, ಆ ಎತ್ತರದವರೆಗೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅಡಿಕೆ, ಕಾಳುಮೆಣಸಿನ ಬೇರು ಆ ಗೆರೆಯ ಕೆಳಗೆ ಬದುಕುವುದಿಲ್ಲ. ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದ, ಮುಟ್ಟಿದರೆ ಸೋಪಿನಂತೆ ಜಾರುವ ಶೇಡಿ ಮಣ್ಣು ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ, ಯಾಕೆ ಅಂತ ಇಳಿಜಾರಿನ ಎಚ್ಚರಿಕೆಯಲ್ಲಿ ಹೇಳುತ್ತೇನೆ.

ಇನ್ನು ಕೈ ಪರೀಕ್ಷೆ. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಉಂಡೆ ಮಾಡಿ, ಹೆಬ್ಬೆರಳಿನಿಂದ ತಳ್ಳುತ್ತಾ ಪಟ್ಟಿ ಎಳೆಯಿರಿ. ಉಂಡೆಯೇ ಆಗದಿದ್ದರೆ ಮರಳು. ಒಂದು ಅಂಗುಲಕ್ಕೆ ಮುರಿದರೆ ಗೋಡು ಮಣ್ಣು (ಮರಳು, ಜೇಡಿ ಹದವಾಗಿ ಬೆರೆತದ್ದು), ಒಳ್ಳೆಯದು. ಎರಡು ಅಂಗುಲ ದಾಟಿದರೂ ಮುರಿಯದಿದ್ದರೆ ಜೇಡಿ. ಕೊನೆಗೆ ಒಂದಡಿ ಆಳದ ಇನ್ನೊಂದು ಸಣ್ಣ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ಮರುದಿನ ಬೆಳಿಗ್ಗೆಯೂ ಇದ್ದರೆ ಅಲ್ಲಿ ಕಾಲುವೆ ಇಲ್ಲದೆ ಏನನ್ನೂ ನೆಡಬೇಡಿ.

ಮೂರನೆಯದು: ನೀವು ಯಾವ ಮಟ್ಟದಲ್ಲಿದ್ದೀರಿ?

ನಮ್ಮಲ್ಲಿ ಮಣ್ಣಿನ ಜಾತಿಯನ್ನು ತಾಲ್ಲೂಕಿನಿಂದ ಹೇಳುವುದಕ್ಕಿಂತ ಎತ್ತರದಿಂದ ಹೇಳುವುದು ಸುಲಭ.

ಗುಡ್ಡದ ನೆತ್ತಿ ಮತ್ತು ಬೇಣ (ಹುಲ್ಲು ಬೆಳೆಯುವ ಗುಡ್ಡದ ನೆಲ) ಚಿರೆಕಲ್ಲಿನ ಜಾಗ. ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ 1800ರಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಇದೇ ಕಲ್ಲು ನೋಡಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಮರುವರ್ಷ ನಮ್ಮ ಹೊನ್ನಾವರ, ಗೋಕರ್ಣ, ಶಿರಸಿಯನ್ನೂ ಸುತ್ತಿ ಹೋಗಿದ್ದಾನೆ. ನೆಲದೊಳಗೆ ಇರುವಾಗ ಇದು ಮೆತ್ತಗೆ, ಕತ್ತರಿಸಿ ಬಿಸಿಲಿಗೆ ಬಿಟ್ಟರೆ ಗಟ್ಟಿ. ಮನೆ ಕಟ್ಟುವವರಿಗೆ ಇದು ವರ, ಗಿಡ ನೆಡುವವರಿಗೆ ಪೀಡೆ. ಜೆಸಿಬಿ ತಂದು ಬೇಣದ ಮೇಲ್ಮಣ್ಣು ಕೆರೆದು ಸಪಾಟು ಮಾಡಿಸಿದರೆ ಉಳಿಯುವುದು ಬಿಸಿಲಿಗೆ ಕಲ್ಲಾಗುವ ನೆಲ. ಇಲ್ಲಿ ಗೇರು, ಮುರುಗಲು, ಹಲಸು, ಮಾವು ಬರುತ್ತವೆ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣು, ದರಕು (ಉದುರಿದ ಒಣ ಎಲೆ), ಕೊಟ್ಟಿಗೆ ಗೊಬ್ಬರ ತುಂಬಿ, ಒಂದು ಮಳೆಗಾಲ ಕೊಳೆಯಲು ಬಿಟ್ಟು ನೆಟ್ಟರೆ ಗಿಡ ಎದ್ದು ನಿಲ್ಲುತ್ತದೆ. ಅಡಿಕೆ ಬೆಲೆ ನೋಡಿ ಬೇಣಕ್ಕೂ ಅಡಿಕೆ ಏರಿಸುವವರಿಗೆ ನನ್ನದೊಂದು ಮಾತು: ಏಪ್ರಿಲ್‌ನಲ್ಲಿ ನಿಮ್ಮ ಬಾವಿಯಲ್ಲಿ ನೀರು ಎಷ್ಟಿರುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಕಣಿವೆಯ ತೋಟ ಬೇರೆಯದೇ ಲೋಕ. ಗುಡ್ಡದಿಂದ ತೊಳೆದು ಬಂದ ಮಣ್ಣು, ಎಲೆ, ಗೋಡು ಎಲ್ಲ ಇಲ್ಲಿ ಕೂತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ಅಡಿಕೆ ತೋಟಗಳು ಕಣಿವೆ ಹಿಡಿದಿದ್ದು ಈ ಮಣ್ಣಿಗೆ, ನೆರಳಿಗೆ, ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರಿಗೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ ಗುರುತು) ಪಡೆದ ಶಿರಸಿ ಅಡಿಕೆ ಬೆಳೆಯುವುದು ಇಂಥ ನೆಲದಲ್ಲೇ. ಆದರೆ ಇಲ್ಲಿನ ಕಾಯಿಲೆಗಳಲ್ಲಿ ಅರ್ಧ ನೀರಿನ ಕಾಯಿಲೆ. ಸೋಗೆ (ಅಡಿಕೆ ಗರಿ) ಗಿಡ್ಡವಾಗಿ, ಮುದುಡಿ, ತುದಿಯಲ್ಲಿ ಗುಚ್ಛದ ಹಾಗೆ ಆಗುವ ಹಿಡಿಮುಂಡಿಗೆ ಬಂದರೆ ಔಷಧದ ಅಂಗಡಿಗೆ ಓಡುವ ಮೊದಲು ಕಾಲುವೆ ನೋಡಿ. ನೀರು ಬಸಿಯದ, ಅಡಿ ಗಟ್ಟಿಯಾದ ಮಣ್ಣಿನಲ್ಲಿ ಅದು ಜಾಸ್ತಿ. ಎಳೆ ಕಾಯಿ ಸೀಳುವ ಅಂಡೆ ಒಡಕವೂ ಹಾಗೆಯೇ. ಒಣಗಿದ್ದ ತೋಟಕ್ಕೆ ಒಮ್ಮೆಲೇ ನೀರು ನುಗ್ಗಿ ನಿಂತರೆ ಶುರುವಾಗುತ್ತದೆ. ಅದಕ್ಕೆ ಲೀಟರಿಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸುವ ಶಿಫಾರಸು ಇದೆ, ಆದರೆ ಬಸಿಗಾಲುವೆ ಸರಿ ಮಾಡದೆ ಸಿಂಪಡಿಸಿ ಫಲ ಇಲ್ಲ. ಅಡಿಕೆಯ ಬಹುಪಾಲು ಬೇರು ಮೇಲಿನ ಎರಡು ಅಡಿಯಲ್ಲೇ ಇರುತ್ತದೆ. ಹಾಗಾಗಿ ಕಾಲುವೆಯ ತಳ ಅದಕ್ಕಿಂತ ಕೆಳಗಿರಬೇಕು. ಮೇ ಕೊನೆಯೊಳಗೆ ಕಾಲುವೆಯ ಹೂಳು ತೆಗೆಯಿರಿ. ತೆಗೆದ ಹೂಳನ್ನು ಆಚೆ ಎಸೆಯಬೇಡಿ, ಮರದ ಬುಡಕ್ಕೆ ಹಾಕಿ. ಅದು ನಿಮ್ಮದೇ ಮೇಲ್ಮಣ್ಣು.

ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದ ಮಹತ್ವವೂ ಇಲ್ಲೇ ಅರ್ಥವಾಗುತ್ತದೆ. ಬೆಟ್ಟದ ಸೊಪ್ಪು, ದರಕು, ಕರಡ (ಒಣಹುಲ್ಲು) ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ, ತೋಟಕ್ಕೆ ಇಳಿಯುವ ಪದ್ಧತಿ ಮಳೆ ಒಯ್ದಿದ್ದನ್ನು ವಾಪಸ್ ತರುವ ವ್ಯವಸ್ಥೆ. ದನ ಮಾರಿದ ಮನೆಗಳಲ್ಲಿ ಈ ಸರಪಳಿ ಕಡಿದಿದೆ. ಕೊಟ್ಟಿಗೆ ಇಲ್ಲದವರು ಬೇಲಿಗೆ ಗ್ಲಿರಿಸಿಡಿಯಾ ಎಂಬ ಗೊಬ್ಬರದ ಸೊಪ್ಪಿನ ಗಿಡ ನೆಟ್ಟು, ವರ್ಷಕ್ಕೆ ಎರಡು ಮೂರು ಸಲ ಸವರಿ ಬುಡಕ್ಕೆ ಹಾಕಬಹುದು. ಬಿದ್ದ ಸೋಗೆಯನ್ನು ಸುಡಬೇಡಿ. ಕತ್ತರಿಸಿ ಅಲ್ಲೇ ಮುಚ್ಚಿಗೆ ಮಾಡಿ.

ಗದ್ದೆ ಬಯಲಿನಲ್ಲಿ ನೋಡಬೇಕಾದ್ದು ಕಬ್ಬಿಣ. ಗುಡ್ಡದ ಬುಡದ ಗದ್ದೆಯಲ್ಲಿ ನೀರಿನ ಮೇಲೆ ಎಣ್ಣೆಯಂಥ ಪದರ, ಅಂಚಿನಲ್ಲಿ ತುಕ್ಕಿನ ಬಣ್ಣದ ಕೆಸರು ಕಾಣುತ್ತದೆ. ಕಡ್ಡಿಯಿಂದ ಕಲಕಿ. ಪದರ ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ್ದು, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಭತ್ತದ ಹಳೆ ಎಲೆಗಳ ಮೇಲೆ ಕಂದು ಚುಕ್ಕೆ ಹರಡಿ ಗಿಡ ಕುಳ್ಳಗಾದರೆ ಕಬ್ಬಿಣ ಅತಿಯಾಗಿದೆ. ಗುಡ್ಡದ ಒರತೆ ನೇರ ಗದ್ದೆಗೆ ಇಳಿಯದಂತೆ ಮೇಲ್ಬದಿಯಲ್ಲಿ ಒಂದು ಕಾಲುವೆ ತೆಗೆಯಿರಿ, ಮಧ್ಯೆ ಮಧ್ಯೆ ನೀರು ಬಿಟ್ಟು ಗದ್ದೆಗೆ ಗಾಳಿ ಆಡಿಸಿ, ಸುಣ್ಣ ಮತ್ತು ಪೊಟ್ಯಾಷ್ ಕೊಡಿ.

ಕರಾವಳಿಯ ಹೊಯ್ಗೆ ನೆಲಕ್ಕೆ ಬಾಯಾರಿಕೆ ತೀರುವುದೇ ಇಲ್ಲ. ಆದರೆ ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಗೋಕರ್ಣ, ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರು ಭತ್ತದ ನಂತರ ಬೆಳೆಯುವ ತರಕಾರಿ, ಶೇಂಗಾ, ಗೆಣಸು ನೋಡಿದರೆ ಈ ನೆಲದ ತಾಕತ್ತು ಗೊತ್ತಾಗುತ್ತದೆ. ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿಯೂ ಕರಾವಳಿಯ ಹಗುರ ಮಣ್ಣಿನದೇ. ಇಲ್ಲಿ ಗೊಬ್ಬರವನ್ನು ಒಮ್ಮೆಲೇ ಕೊಡಲೇಬಾರದು, ಸ್ವಲ್ಪ ಸ್ವಲ್ಪ ಕೊಡಿ. ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಕಾಯಿಸಿಪ್ಪೆಯನ್ನು ಒಳಮೈ ಮೇಲಾಗಿ ಸಾಲಾಗಿ ಹೂತರೆ ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ, ಪೊಟ್ಯಾಷೂ ಸಿಗುತ್ತದೆ.

ಕೊನೆಗೆ ಗಜನಿ. ಅಘನಾಶಿನಿ ಅಳಿವೆಯ ಸುತ್ತ, ಕುಮಟಾದ ಮಾಣಿಕಟ್ಟಾದಂಥ ಊರುಗಳಲ್ಲಿ, ಉಬ್ಬರದ ಉಪ್ಪುನೀರು ಬಂದುಹೋಗುವ ಗದ್ದೆಗಳಿವು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಮೊಳಕೆ ಬೀಜ ಬಿತ್ತುತ್ತಾರೆ. ಅದು ಎತ್ತರಕ್ಕೆ ಬೆಳೆಯುವ ಭತ್ತ, ಉಪ್ಪನ್ನೂ ನೆರೆಯನ್ನೂ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಉಳಿದ ಕೂಳೆ ಕೊಳೆತು ಸಿಗಡಿ ಮೀನಿಗೆ ಆಹಾರ. ಗಜನಿ ನೆಲವನ್ನು "ಸುಧಾರಿಸಲು" ಹೋಗಬೇಡಿ. ಕಟ್ಟೆ ಗಟ್ಟಿಯಾಗಿದ್ದರೆ, ನೀರು ಬಿಡುವ ಬಾಗಿಲು ಸರಿಯಾಗಿದ್ದರೆ ಅದಕ್ಕೆ ಬೇಕಾದ್ದೆಲ್ಲ ಆಯಿತು. ಅಲ್ಲಿಯ ಹೂಳನ್ನು ಹಿತ್ತಲಿಗೆ ತಂದು ಹಾಕುವವರೂ ಇದ್ದಾರೆ. ಒಂದು ಮಳೆಗಾಲ ಪೂರ್ತಿ ನೆನೆಯಲು ಬಿಡದೆ ಅದನ್ನು ತರಕಾರಿಗೆ ಹಾಕಿದರೆ ಅವರೆ, ಅಲಸಂದೆ ಸುಟ್ಟುಹೋಗುತ್ತವೆ.

ಹಳಿಯಾಳ, ಮುಂಡಗೋಡದ ಕಡೆಯವರು ಈ ಲೇಖನದ ಅರ್ಧವನ್ನು ಬಿಟ್ಟು ಓದಬಹುದು. ನಿಮ್ಮದು ಕಡಿಮೆ ಮಳೆಯ ಕೆಂಪು ಗೋಡು. ಕಬ್ಬು, ಹತ್ತಿ, ಗೋವಿನಜೋಳದ ನೆಲ. ನೀರು ಬಸಿಯುವುದಕ್ಕಿಂತ ನೀರು ಹಿಡಿದಿಡುವುದು ನಿಮ್ಮ ಚಿಂತೆ.

ನಾಲ್ಕನೆಯದು: ಮಣ್ಣು ಪರೀಕ್ಷೆ, ಸರಿಯಾಗಿ

ಪರೀಕ್ಷೆ ಮಾಡಿಸಿದವರು ತುಂಬ ಜನ. ಮಾದರಿ ಸರಿಯಾಗಿ ತೆಗೆದವರು ಕಡಿಮೆ. ಗುಡ್ಡ, ಗದ್ದೆ, ತೋಟದ ಮಣ್ಣನ್ನು ಒಂದೇ ಚೀಲಕ್ಕೆ ಹಾಕಿದರೆ ಬರುವ ಫಲಿತಾಂಶ ಯಾರ ಜಾಗದ್ದೂ ಅಲ್ಲ. ಪ್ರತಿ ಮಟ್ಟಕ್ಕೂ ಬೇರೆ ಮಾದರಿ ಮಾಡಿ.

ಫೆಬ್ರವರಿಯಿಂದ ಮೇ ಒಳಗೆ, ಗೊಬ್ಬರ ಹಾಕಿ ಎರಡು ಮೂರು ತಿಂಗಳಾದ ಮೇಲೆ ತೆಗೆಯಿರಿ. ಒಂದು ಎಕರೆಯಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ 10–15 ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ ಅಗೆದು, ಪಕ್ಕದ ಗೋಡೆಯಿಂದ ಒಂದು ಬೆರಳು ದಪ್ಪದ ಮಣ್ಣು ಕೆತ್ತಿ. ಗದ್ದೆ, ತರಕಾರಿಗೆ 15 ಸೆಂ.ಮೀ. ಆಳ ಸಾಕು. ಅಡಿಕೆ, ತೆಂಗಿಗೆ 30 ಸೆಂ.ಮೀ.ವರೆಗೆ ಒಂದು, 30ರಿಂದ 60ರವರೆಗೆ ಇನ್ನೊಂದು. ಬದು, ಗೊಬ್ಬರಗುಂಡಿ, ಕಾಲುವೆ ಪಕ್ಕ ಬೇಡ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೊ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ಹಾಕಿ. ಗೊಬ್ಬರದ ಖಾಲಿ ಚೀಲ ಮಾತ್ರ ಬೇಡ.

ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಎಲ್ಲಿಗೆ ಕೊಡಬೇಕು ಅಂತ ಹೇಳುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಎಲ್ಲವನ್ನೂ ಬಾಯಿಪಾಠ ಮಾಡುವುದು ಬೇಡ. ನಮ್ಮ ಜಿಲ್ಲೆಯವರು ಮೊದಲು ನೋಡಬೇಕಾದ್ದು ಪಿಎಚ್. 7 ಅಂದರೆ ಸಮ, ಕೆಳಗೆ ಹೋದಷ್ಟೂ ಹುಳಿ. 5.5ರ ಕೆಳಗಿದ್ದರೆ ಮುಂದಿನ ಹಂತ ನಿಮಗೇ ಬರೆದದ್ದು. ಆಮೇಲೆ ಪೊಟ್ಯಾಷ್, ಬೋರಾನ್, ಸತು. ಸಮುದ್ರದ ಹತ್ತಿರದವರು ಇಸಿ ಎಂಬ ಸಾಲನ್ನೂ ನೋಡಿ, ಅದು ಉಪ್ಪಿನ ಲೆಕ್ಕ. ಸಾವಯವ ಇಂಗಾಲ ಘಟ್ಟದ ಮೇಲೆ ಚೆನ್ನಾಗಿಯೇ ಬರುತ್ತದೆ. ಅದನ್ನು ನೋಡಿ ಬೀಗಬೇಡಿ. ಕಾಡಿನ ಕಪ್ಪು ಮಣ್ಣೂ ಹುಳಿಯೇ.

ಐದನೆಯದು: ಹುಳಿ ಇಳಿಸುವುದು

ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ನೀವು ಹಾಕುತ್ತಲೇ ಇರುತ್ತೀರಿ, ಕಾರ್ಡಿನಲ್ಲಿ "ಕಡಿಮೆ" ಅಂತಲೇ ಬರುತ್ತಿರುತ್ತದೆ. ಸುಣ್ಣ ಹಾಕಿದರೆ ಈ ಗಂಟು ಸಡಿಲವಾಗುತ್ತದೆ. ಕೃಷಿ ಸುಣ್ಣ ಅಥವಾ ಡಾಲಮೈಟ್ ಎರಡೂ ಆಗುತ್ತದೆ. ಮೆಗ್ನೀಸಿಯಂ ಕೂಡ ಕಡಿಮೆ ಇರುವ ನಮ್ಮ ಕಡೆಗೆ ಡಾಲಮೈಟ್ ನನಗೆ ಹೆಚ್ಚು ಇಷ್ಟ. ಕರಾವಳಿಯಲ್ಲಿ ಚಿಪ್ಪಿ ಸುಣ್ಣವೂ ಸಿಗುತ್ತದೆ. ಆದರೆ ಸುಟ್ಟ ಸುಣ್ಣ ಬಲು ಖಾರ, ಅಳತೆ ಕಡಿಮೆ ಇರಲಿ, ಬುಡಕ್ಕೆ ತಾಗಿಸಬೇಡಿ, ಕೈಗವಸು ಹಾಕಿಕೊಳ್ಳಿ.

ಕಾರ್ಡಿನಲ್ಲಿ ಪ್ರಮಾಣ ಇದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಅಡಿಕೆ ಮರಕ್ಕೆ ಅರ್ಧ ಕಿಲೊ ಕೃಷಿ ಸುಣ್ಣ ಅಥವಾ ಡಾಲಮೈಟ್, ಎರಡು ಮೂರು ವರ್ಷಕ್ಕೊಮ್ಮೆ. ಕಾಳುಮೆಣಸಿನ ಬಳ್ಳಿಗೆ ಅರ್ಧ ಕಿಲೊ, ವರ್ಷ ಬಿಟ್ಟು ವರ್ಷ. ತರಕಾರಿ ಮಡಿಗೆ ಚದರ ಮೀಟರಿಗೆ 50ರಿಂದ 100 ಗ್ರಾಂ. ಮೇ ತಿಂಗಳ ಒಂದೆರಡು ಮಳೆ ಬಿದ್ದು ನೆಲ ಹಸಿಯಾದಾಗ ಹರಡಿ, ಮೇಲೆ ಮೇಲೆ ಕೆದಕಿ ಮಣ್ಣಿಗೆ ಸೇರಿಸಿ. ಜೂನ್ ಜುಲೈನ ಜಡಿಮಳೆಯಲ್ಲಿ ಹಾಕಿದರೆ ದುಡ್ಡು ನೀರಿಗೆ. ಯೂರಿಯಾ, ಹಟ್ಟಿಗೊಬ್ಬರ ಜೊತೆ ಬೆರೆಸಬೇಡಿ. ಸಾರಜನಕ ಹಾರಿಹೋಗುತ್ತದೆ. ಎರಡು ವಾರ ಅಂತರ ಇರಲಿ.

ಆರನೆಯದು: ಊಟ ಕಂತಿನಲ್ಲಿ

ಅಡಿಕೆಗೆ ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎನ್ನುವುದು ಶಿಫಾರಸು. ಅಂಗಡಿಯ ಲೆಕ್ಕದಲ್ಲಿ ಯೂರಿಯಾ 220 ಗ್ರಾಂ, ರಾಕ್ ಫಾಸ್ಫೇಟ್ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 235 ಗ್ರಾಂ, ಜೊತೆಗೆ 12 ಕಿಲೊ ಹಸಿರೆಲೆ, 12 ಕಿಲೊ ಕಾಂಪೋಸ್ಟ್. ರಾಕ್ ಫಾಸ್ಫೇಟ್ ಹುಳಿ ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತದೆ, ನಮಗೆ ಒಗ್ಗುತ್ತದೆ. ಸುಣ್ಣ ಹಾಕಿದ ಬೆನ್ನಿಗೇ ಮಾತ್ರ ಬೇಡ. ಎಲ್ಲವನ್ನೂ ಎರಡು ಕಂತು ಮಾಡಿ: ಮಳೆ ಹಿಡಿಯುವ ಮೊದಲು ಒಂದು, ಮಳೆಯ ಜೋರು ಇಳಿದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು. ಎರಡನೆಯದೇ ದೊಡ್ಡದಿರಲಿ. ಸಾವಯವ ಮಾತ್ರ ಮಾಡುವವರಿಗೂ ಸಮಯದ ಲೆಕ್ಕ ಇದೇ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಮಳೆಯಲ್ಲಿ ನೆನೆದ ಬೂದಿಯಲ್ಲಿ ಅದು ಉಳಿಯುವುದಿಲ್ಲ. ಬೂದಿಯನ್ನು ಸೂರಿನ ಕೆಳಗೆ ಇಡಿ.

ಇಳಿಜಾರಿನವರಿಗೆ ಒಂದು ಎಚ್ಚರಿಕೆ

"ಇಂಗುಗುಂಡಿ ತೆಗೆಯಿರಿ" ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಸಲಹೆ. ಹದವಾದ ಇಳಿಜಾರಿಗೆ ಸರಿ. ಆದರೆ ಕಡಿದಾದ ಗುಡ್ಡದಲ್ಲಿ, ಕೆಳಗೆ ಶೇಡಿ ಮಣ್ಣಿದ್ದರೆ, ಮೇಲೆ ಇಂಗಿಸಿದ ನೀರು ಆ ಪದರದ ಮೇಲೆ ನಿಂತು ಮೇಲಿನ ಮಣ್ಣನ್ನೇ ಜಾರಿಸಬಹುದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಗುಡ್ಡದ ಬುಡ ಕಡಿದು ಮನೆ, ರಸ್ತೆ ಮಾಡಿದ ಜಾಗದ ಮೇಲ್ಬದಿಯಲ್ಲಿ ಗುಂಡಿ ಬೇಡ, ಕಾಲುವೆ ಬೇಕು. ನೆಲ ಬಿರುಕು ಬಿಟ್ಟಿದ್ದರೆ, ಮರಗಳು ವಾಲಿದ್ದರೆ, ಒರತೆಯ ನೀರು ಒಮ್ಮೆಲೇ ಕೆಸರಾದರೆ ತೋಟದ ಕೆಲಸ ಬಿಟ್ಟು ಮನೆಯವರನ್ನು ಕರೆದುಕೊಂಡು ಆಚೆ ಹೋಗಿ.

ಹೊಸ ಮನೆಯ ಹಿತ್ತಲಿಗೆ

ಕಾರವಾರ, ಕುಮಟಾ, ಶಿರಸಿ ಪೇಟೆಯಲ್ಲಿ ಮನೆ ಕಟ್ಟಿದವರ ಗೋಳು ಒಂದೇ: ಏನು ನೆಟ್ಟರೂ ಹಳದಿ. ಕಾರಣ ಗೊತ್ತೇ ಇದೆ. ಪಾಯ ತೆಗೆದ ಅಡಿಮಣ್ಣನ್ನೇ ಅಂಗಳಕ್ಕೆ ಹರಡಿರುತ್ತಾರೆ, ಒಳ್ಳೆ ಮಣ್ಣು ಅದರ ಕೆಳಗೆ ಹೂತಿರುತ್ತದೆ. ಇನ್ನೂ ಕಟ್ಟದವರು ಕೆಲಸ ಶುರುವಾಗುವ ಮೊದಲೇ ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಹಾಕಿಸಿ. ಕಟ್ಟಿ ಮುಗಿಸಿದವರು ನೆಲ ಅಗೆಯುವ ಹಟ ಬಿಟ್ಟು ಮೇಲೆ ಮಡಿ ಕಟ್ಟಿ: ಅಂಚಿಗೆ ಚಿರೆಕಲ್ಲು, ಒಳಗೆ ದರಕು, ಹಸಿಸೊಪ್ಪು, ಕೊಟ್ಟಿಗೆ ಗೊಬ್ಬರ, ತಂದ ಕೆಮ್ಮಣ್ಣು ಪದರ ಪದರವಾಗಿ, ಒಂದಡಿ ಎತ್ತರ. ಮಳೆಗಾಲದಲ್ಲಿ ಬೇರು ಕೊಳೆಯದಿರಲು ಈ ಎತ್ತರ ಬೇಕೇ ಬೇಕು. ಮೊದಲ ವರ್ಷ ಬಸಳೆ, ಹರಿವೆ, ಕೆಸುವಿನಂಥವನ್ನು ಬೆಳೆಯಿರಿ, ಇವು ಮುನಿಸಿಕೊಳ್ಳುವುದಿಲ್ಲ. ಟೊಮೆಟೊ, ಬದನೆ, ಮೆಣಸು ಎರಡನೇ ವರ್ಷಕ್ಕೆ ಇರಲಿ, ಅದೂ ಮಳೆ ಬಿಟ್ಟ ಮೇಲೆ. ಮಡಿ ಖಾಲಿ ಇರುವಾಗ ಅಲಸಂದೆಯನ್ನೋ ಸೆಣಬನ್ನೋ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಕಿತ್ತು ಅಲ್ಲೇ ಮಗುಚಿ. ಅದೂ ಆಗದಿದ್ದರೆ ಸೋಗೆ ಹಾಸಿ ಮುಚ್ಚಿಡಿ.